ಅಂಕಲ್ ಅಂದರೆ ಯಾವ ಅಂಕಲ್?

ಆ ಇಂಗ್ಲಿಷ್ ಕಾದಂಬರಿಯನ್ನು ವಾಮನ ಮಾವನಿಗೆ ಕನ್ನಡದಲ್ಲಿ ಓದಿ ಹೇಳುವಾಗ ‘ಅಂಕಲ್’ ಇದ್ದ ಜಾಗದಲ್ಲಿ ನಾನು ‘ಚಿಕ್ಕಪ್ಪ’ ಅಂದದ್ದು ಬೇಕೆಂದೋ ಬಾಯಿ ತಪ್ಪಿಯೋ, ಈಗ ಖಾತ್ರಿಯಾಗಿ ಹೇಳಲಾರೆ. ಅವರ ಮನಸ್ಸು ನೋಯದಿರಲಿ ಅಂತ ಬೇಕೆಂದೇ ಹಾಗೆ ಅಂದೆ ಎಂದು ಬರೆದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಅದಕ್ಕೇ ಆ ನೆನಪಿನ ಮೇಲೆ ನನಗೆ ಗುಮಾನಿ. ಅದನ್ನು ಕೇಳಿದ ಮಾವ ಕೂತಲ್ಲಿಂದ ಎದ್ದರು ಎಂದು ನನ್ನ ನೆನಪು. ಹೆಂಡತಿ ಶಾಲಿನಿ ಹೇಳುವ ಪ್ರಕಾರ ಅವರು ಮಲಗಿಯೇ ಇದ್ದರು, ಎದ್ದದ್ದು ನಾನು, ಅದೂ ಚಹಾ ಬಂತೆಂದು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಕತೆ ಅಂತ ಕೇಳಿಬಿಡಿ, ಎರಡನೆಯ ಸಾಕ್ಷಿ ಸಿಕ್ಕ ಮೇಲೆ ಟಿಪ್ಪಣಿ ಮಾಡಿಕೊಳ್ಳಿ ಎಂದು ನಮ್ಮ ಪ್ರೊಫೆಸರರು ತಲೆಗೆ ತುಂಬಿದ್ದರು. ಆ ಪಾಠ ಕಾಲೇಜಿನಲ್ಲಿ ಕಲಿಸಲು ಉಪಯೋಗವಾದದ್ದಕ್ಕಿಂತ ಮನೆಯವರನ್ನು ಗೋಳುಹೊಯ್ದುಕೊಳ್ಳಲು ಉಪಯೋಗವಾದದ್ದೇ ಹೆಚ್ಚು. ಮದುವೆಯಾದ ಹೊಸತರಲ್ಲಿ ಶಾಲಿನಿ ಇವತ್ತು ಮಂಗಳವಾರ ಅಂದರೆ ನಾನು ಗೋಡೆಯ ಕ್ಯಾಲೆಂಡರ್ ನೋಡಿ ಹೂಂ ಅನ್ನುತ್ತಿದ್ದೆ. ಮನೆ ಬಿಡುವಾಗ ಗ್ಯಾಸು ಒಮ್ಮೆ ನೋಡುತ್ತೇನೆ, ಬೀಗ ಎರಡು ಸಲ ಎಳೆಯುತ್ತೇನೆ, ನಳವನ್ನು ಮಾತ್ರ ಮೂರು ಸಲ ತಿರುವಿ ಬಿಗಿ ಮಾಡಬೇಕು. ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಹತ್ತಿದ ಮೇಲೂ ವಾಪಸು ಬಂದದ್ದುಂಟು. ನಳ ಅಂದರೆ ನಲ್ಲಿ. ಮುಂಬಯಿಯ ಈ ಕಡೆ ಬಹಳ ವರ್ಷ ಇದ್ದವರ ಬಾಯಲ್ಲಿ ನಲ್ಲಿ ಎಂಬ ಶಬ್ದ ಉಳಿಯುವುದಿಲ್ಲ, ಕ್ಷಮಿಸಬೇಕು.

ಡೊಂಬಿವಲಿಯಲ್ಲಿ ನಮ್ಮದೊಂದು ಓದುಗರ ಕೂಟ ಇದೆ. ತಿಂಗಳಿಗೊಂದು ಭಾನುವಾರ ಒಂದು ಟ್ಯೂಷನ್ ಕ್ಲಾಸಿನ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ಸಂದಿಯಲ್ಲಿ ಮಂಡಿ ತುರುಕಿಕೊಂಡು ಕೂತು ಹನ್ನೆರಡು ಹದಿಮೂರು ಜನ ಪುಸ್ತಕದ ವಿಷಯದಲ್ಲಿ ಜಗಳವಾಡುತ್ತೇವೆ. ಈಚೆಗೆ ಯಾರೋ ಸ್ವೀಡನ್ನಿನ ಒಂದು ಪತ್ತೇದಾರಿ ಕಾದಂಬರಿ ಸೂಚಿಸಿದರು. ಅದು ನೀವೇ ಎಂದು ಎಲ್ಲರೂ ನನ್ನನ್ನು ತೋರಿಸುತ್ತಾರೆ, ನನಗೆ ನೆನಪಿಲ್ಲ. ಸ್ವೀಡಿಷ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪುಸ್ತಕ. ಹೆಸರು ಹೇಳುವುದಿಲ್ಲ, ಮುಂದೆ ಕೊಲೆಗಾರನ ವಿಷಯ ಬರುತ್ತದೆ, ಓದಬೇಕೆಂದಿರುವವರ ಶಾಪ ನನಗೆ ಬೇಡ.

ಕತೆ ಇಷ್ಟೇ. ಉತ್ತರದಲ್ಲಿ ಒಂದು ಚಿಕ್ಕ ಊರು. ಹೆಪ್ಪುಗಟ್ಟಿದ ಕೆರೆಯ ಹಿಮದ ಪದರದ ಕೆಳಗೆ ಮರದ ಮಿಲ್ಲಿನ ಯಜಮಾನನ ಹೆಣ ಸಿಗುತ್ತದೆ. ಗುಮಾನಿ ಮಿಲ್ಲಿನಲ್ಲಿ ಕೆಲಸಕ್ಕಿರುವ ಹತ್ತೊಂಬತ್ತರ ತರುಣನ ಮೇಲೆ. ತಂದೆ ತಾಯಿ ಇಲ್ಲದ ಅವನನ್ನು ಸಾಕಿದವನು ಅವನ ಅಂಕಲ್. ಇನ್ನೇನು ಸಿಕ್ಕಿಬೀಳಬೇಕು ಅನ್ನುವಾಗ ಅಂಕಲ್ ಪೊಲೀಸ್ ಸ್ಟೇಷನ್ನಿಗೆ ಬಂದು ಕೊಂದದ್ದು ನಾನು ಅನ್ನುತ್ತಾನೆ. ತನಿಖೆಯ ಪೊಲೀಸ್ ಹೆಂಗಸು ಅದನ್ನು ಬರೆದುಕೊಂಡು ಹೊರಗೆ ಬಂದು ಕಾರಿನಲ್ಲಿ ಕೂರುತ್ತಾಳೆ. ಕಾರು ಸ್ಟಾರ್ಟ್ ಮಾಡುವುದಿಲ್ಲ. ಅಲ್ಲಿಗೆ ಮುಗಿಯಿತು. ಅಂಕಲ್ ಹೇಳಿದ್ದು ನಿಜವೋ ಸುಳ್ಳೋ ಎಂಬುದನ್ನು ನಮ್ಮ ತಲೆಗೆ ಬಿಟ್ಟಿದ್ದಾರೆ.

ಇನ್ನು ವಾಮನ ಮಾವ. ನನ್ನ ತಾಯಿಯ ತಮ್ಮ, ನಮ್ಮ ಮನೆಯ ತುಳುವಿನಲ್ಲಿ ‘ತಮ್ಮಲೆ’. ಹತ್ತನೆಯದು ಮುಗಿಸಿದ ನನ್ನನ್ನು ಉಡುಪಿ ಕಡೆಯಿಂದ ಕರೆತಂದು ಥಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ, ಚಾಳು ಎಂಬ ವಠಾರದ ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಓದಿಸಿದವರು. ಆಗ ಅವರಿಗೆ ಮದುವೆಯಾಗಿರಲಿಲ್ಲ. ‘ನಾನು ಕಳವಾದಲ್ಲಿ ಸುಖವಾಗಿದ್ದೇನೆ’ ಎಂದು ಊರಿಗೆ ಬರೆದ ನನ್ನ ಮೊದಲ ಕಾಗದ ಕೇಳಿ ನೆರೆಮನೆಯ ಅಜ್ಜಿ, “ಅಯ್ಯೋ, ಎಂತ ಕಳವಾದದ್ದು?” ಎಂದು ಗಾಬರಿಯಾದರಂತೆ. ಇದು ತಾಯಿ ಹೇಳಿದ್ದು, ಒಂದೇ ಸಾಕ್ಷಿ. ಮಾವ ಥಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಬಹಳ ವರ್ಷ ಮ್ಯಾನೇಜರ್ ಆಗಿದ್ದರು. ಗಲ್ಲಾದ ಹಿಂದೆ ಕೂತು ಪತ್ತೇದಾರಿ ಪುಸ್ತಕ ಓದುವುದು ಅವರ ಒಂದೇ ದುರಭ್ಯಾಸ. ಈಗ ಘಣಸೋಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಳೆದ ಚಳಿಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಾಗ ಡಾಕ್ಟರು ಓದಬೇಡಿ ಅಂದರು. ರಜೆಯ ದಿನಗಳಲ್ಲಿ ನಾನು ಶಾಲಿನಿಯ ಜೊತೆ ಹೋಗಿ, ಇಂಗ್ಲಿಷ್ ಪುಟ ನೋಡಿಕೊಂಡು ಕನ್ನಡದಲ್ಲಿ ಕತೆ ಹೇಳುತ್ತಿದ್ದೆ.

ಮಾವ ಕಣ್ಣು ಮುಚ್ಚಿಕೊಂಡು ಕೇಳುವವರು. ನಿದ್ದೆ ಬಂತೋ ಎಂದು ನಾನು ನಿಲ್ಲಿಸಿದರೆ,

“ಆ ಪೊಲೀಸ್ ಹೆಂಗಸಿನದ್ದು ಇದು ಎಷ್ಟನೆಯ ಕಾಫಿ?” ಅನ್ನುತ್ತಿದ್ದರು.

“ನಾನು ಎಣಿಸಿಲ್ಲ ಮಾವ.”

“ನಾನು ಎಣಿಸಿದ್ದೇನೆ. ಹದಿನೇಳು. ಎಲ್ಲ ಫ್ಲಾಸ್ಕಿನದ್ದು. ಫ್ಲಾಸ್ಕಿನ ಕಾಫಿ ಕುಡಿದರೆ ತಲೆ ಓಡುತ್ತದಾ ಮಾರಾಯ? ಮತ್ತೆ ಕೊಲೆಗಾರ ಎಲ್ಲಿಂದ ಸಿಗಬೇಕು!”

ಹೀಗೆ ನಡೆಯುತ್ತ ತಪ್ಪೊಪ್ಪಿಗೆಯ ಅಧ್ಯಾಯ ಬಂತು. “ಚಿಕ್ಕಪ್ಪ ಕೈಗವಸು ಬಿಚ್ಚಿ ಮೇಜಿನ ಮೇಲೆ ಇಟ್ಟ. ಕೊಂದದ್ದು ನಾನು ಅಂದ,” ಎಂದೆ.

ಮಾವ ಕಣ್ಣು ತೆರೆದರು. “ಚಿಕ್ಕಪ್ಪ ಅಂತ ಪುಸ್ತಕದಲ್ಲಿ ಉಂಟಾ?”

“ಅಂಕಲ್ ಅಂತ ಇದೆ.”

“ಹಾಗಾದರೆ ಚಿಕ್ಕಪ್ಪ ಅಂತ ಮಾಡಿದ್ದು ನೀನು.”

“ಅಂಕಲ್ ಅಂದರೆ ಚಿಕ್ಕಪ್ಪನೂ ಆಗುತ್ತದಲ್ಲ ಮಾವ.”

“ಮಾವನೂ ಆಗುತ್ತದೆ,” ಅಂದರು ಮಾವ. “ನಾನು ಮೊದಲಿನಿಂದ ಕೇಳುತ್ತಾ ಇದ್ದೇನೆ. ಆ ಹುಡುಗನ ಬೂಟು ಒದ್ದೆಯಾದರೆ ಒಲೆಯ ಹತ್ತಿರ ಒಣಗಲು ಇಡುವವ ಇವ. ಬ್ರೆಡ್ಡಿನ ಮೆತ್ತನೆಯ ಭಾಗ ಅವನಿಗೆ ಕೊಟ್ಟು ಗಟ್ಟಿಯದ್ದು ತಾನು ತಿನ್ನುವವ ಇವ. ಇವ ಚಿಕ್ಕಪ್ಪ ಅಲ್ಲ ಮಾರಾಯ, ಸೋದರಮಾವ. ಸಂಶಯವೇ ಬೇಡ.”

ಸಂಶಯ ಬೇಡ ಎಂಬ ಮಾತು ನನ್ನಂಥವನಿಗೆ ಹೇಳುವಂಥದ್ದಲ್ಲ. ಆದರೆ ಸಾಕಿದ ಸೋದರಮಾವನ ಎದುರು ಕೂತು ‘ಮಾವ ಕೊಂದ’ ಎಂದು ಓದುವುದು ಹೇಗೆ? ಅದಕ್ಕೇ ಚಿಕ್ಕಪ್ಪ ಅಂದೆ ಎಂಬುದು ನನ್ನ ಒಂದು ನೆನಪು. ಅಂಕಲ್ ಅಂದೊಡನೆ ಬಾಯಿಗೆ ಮೊದಲು ಬಂದ ಶಬ್ದ ಅದು, ಯೋಚನೆಯೇ ಮಾಡಿರಲಿಲ್ಲ ಎಂಬುದು ಇನ್ನೊಂದು. ಈ ಎರಡರಲ್ಲಿ ಯಾವುದು ಆಮೇಲೆ ಹುಟ್ಟಿದ್ದೋ ಗೊತ್ತಿಲ್ಲ.

ಆ ತಿಂಗಳ ಕೂಟಕ್ಕೆ ಮಾವನೂ ಬಂದರು. ಕಪ್ಪು ಕನ್ನಡಕ ಹಾಕಿ, ಥಾಣೆಯಲ್ಲಿ ಗಾಡಿ ಬದಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಪುಸ್ತಕ ನೋಡದೆ ಕಿವಿಯಲ್ಲಿ ಕೇಳಿ ಬಂದವರು ಅವರೊಬ್ಬರೇ. ಮೊದಲು ಮಾತಾಡಿದ್ದು ರೈಲ್ವೆಯಿಂದ ನಿವೃತ್ತರಾಗಿ ಕಲ್ಯಾಣದಲ್ಲಿರುವ ವಿಜಯಪುರದ ಪಾಟೀಲರು.

“ಅಲ್ರೀ, ಆ ಊರಾಗ ಗಾಡಿ ಹನ್ನೊಂದು ಮಿನಿಟ್ ಲೇಟ್ ಆತಂತ, ಸ್ಟೇಷನ್ ಮಾಸ್ತರ ಎಲ್ಲಾರ ಮುಂದ ನಿಂತು ಮಾಫಿ ಕೇಳ್ತಾನಂತ! ನನ್ನ ಸರ್ವಿಸ್‌ನ್ಯಾಗ ಹಂಗ ಕೇಳಾಕ ಹೋಗಿದ್ರ ನಾ ಮನೀಗೆ ಬರೂದ ಆಗ್ತಿರಲಿಲ್ಲ. ಹೆಣ ಸಿಕ್ಕಿದ್ದು ನಂಬ್ತೀನಿ, ಇದನ್ನ ನಂಬೂದಿಲ್ಲ.”

ಕೋಪರಖೈರಣೆಯಿಂದ ಬರುವ ಸುಮತಿ ಟೀಚರ್, ನಿವೃತ್ತ ಶಾಲಾ ಶಿಕ್ಷಕಿ, ಪುಸ್ತಕದ ತುಂಬ ಕೆಂಪು ಪೆನ್ಸಿಲ್ಲಿನ ಗೆರೆ ಎಳೆದು ತಂದಿದ್ದರು. ಅವರ ದೂರು ನೆರೆಹೊರೆಯದ್ದು. “ಮುನ್ನೂರ ಎಂಬತ್ತು ಪುಟ. ಒಬ್ಬಳಾದರೂ ಪಕ್ಕದ ಮನೆಯವಳು ಬಾಗಿಲು ತೆಗೆದು ಇಣುಕಿದ್ದಾಳಾ? ನಮ್ಮ ಸೊಸೈಟಿಯಲ್ಲಾಗಿದ್ದರೆ ಹೆಣ ನೀರಿಗೆ ಬೀಳುವ ಮೊದಲೇ ವಾಟ್ಸಾಪಿನಲ್ಲಿ ಫೋಟೋ ಬರುತ್ತಿತ್ತು. ಪಾಪ, ಆ ಜನ ಎಷ್ಟು ಒಂಟಿ! ನನಗೆ ಕೊಲೆಗಿಂತ ಅದೇ ಹೆದರಿಕೆಯಾಯಿತು.”

ಕೊನೆಗೆ ದೊಡ್ಡ ಪ್ರಶ್ನೆ ಬಂತು. ಅಂಕಲ್ ಕೊಂದನೋ ಇಲ್ಲವೋ? ಪಾಟೀಲರು ಕೈ ಎತ್ತಿಸಿದರು. ಕೊಂದ ಎಂಬ ಕಡೆ ಹೆಚ್ಚು ಕೈ. ಅದರಲ್ಲಿ ನನ್ನದೂ ಒಂದು: ಒಪ್ಪಿಕೊಂಡ ಮೇಲೆ ಅನುಮಾನಿಸಲು ದಾಖಲೆ ಬೇಕಲ್ಲ. ಮಾವ ಯಾವ ಕಡೆಗೂ ಕೈ ಎತ್ತಲಿಲ್ಲ.

“ನಿಮ್ಮ ಅಭಿಪ್ರಾಯ ಏನ್ರೀ ವಾಮನಣ್ಣ?” ಅಂದರು ಪಾಟೀಲರು.

“ಚಿಕ್ಕಪ್ಪ ಆದರೆ ಕೊಂದಿದ್ದಾನೆ. ಸೋದರಮಾವ ಆದರೆ ಕೊಂದದ್ದಲ್ಲ, ತಪ್ಪು ಹೊತ್ತುಕೊಂಡದ್ದು.”

“ಪುಸ್ತಕದಲ್ಲಿ ಅಂಕಲ್ ಅಂತ ಮಾತ್ರ ಇದೆಯಲ್ಲ,” ಅಂದರು ಸುಮತಿ ಟೀಚರ್.

“ಅಂಕಲ್ ಅಂದರೆ ಎಂತದು ಟೀಚರ್? ಲೋಕಲ್ ಗಾಡಿಯಲ್ಲಿ ಅಂಕಲ್, ಜರಾ ಸರಕೋ ಅಂತ ಪಕ್ಕಕ್ಕೆ ಸರಿಸುವುದಕ್ಕೆ ಆಗುತ್ತದೆ. ಕೊಲೆ ಪತ್ತೆಗೆ ಆಗುವುದಿಲ್ಲ. ಚಿಕ್ಕಪ್ಪನಿಗೆ ಮನೆ ಉಂಟು, ಜಾಗ ಉಂಟು, ತಂದೆ ಕಡೆಯ ಪಾಲು ಉಂಟು. ಸೋದರಮಾವನಿಗೆ ಎಂತ ಉಂಟು? ಹುಡುಗ ಮಾತ್ರ ಉಂಟು.”

“ನಮ್ಮ ಕಡೆ ಸೋದರಮಾವ ಅಂದ್ರ ಹೆಣ್ಣು ಕೊಡಾಂವ್ರೀ. ಅಳಿಯನ್ನ ಜೇಲಿಗೆ ಹೋಗಾಕ ಬಿಡ್ತಾನೇನು!” ಎಂದು ಪಾಟೀಲರು ತಮ್ಮ ಕೈ ವಾಪಸು ತೆಗೆದುಕೊಂಡರು. ನಗು. ಸುಮತಿ ಟೀಚರ್, ತಮ್ಮ ತಂಗಿಯ ಮಗಳು ಸ್ವೀಡನ್ನಿನಲ್ಲೇ ಇದ್ದಾಳೆ, ಮೂಲ ಪುಸ್ತಕದಲ್ಲಿ ಏನಿದೆ ಕೇಳುತ್ತೇನೆ ಎಂದು ಬರೆದುಕೊಂಡರು.

ಆ ನಗುವಿನಲ್ಲಿ ನನಗೊಂದು ಹುಕಿ ಬಂತು. “ತಪ್ಪೊಪ್ಪಿಗೆಯ ವಿಷಯದಲ್ಲಿ ನಮ್ಮ ಮಾವನಿಗೆ ಸ್ವಂತ ಅನುಭವ ಇದೆ,” ಎಂದು ಎದ್ದು ನಿಂತು ನಳದ ಕತೆ ಹೇಳಿದೆ. ಇದು ನಮ್ಮ ಕುಟುಂಬದಲ್ಲಿ ನೂರು ಸಲ ಹೇಳಿದ ಕತೆ. ನನ್ನ ಮದುವೆಯ ರಿಸೆಪ್ಷನ್ನಿನಲ್ಲಿ ಮೈಕ್ ಹಿಡಿದು ಹೇಳಿದ್ದೆ.

ಕಳವಾದ ನಮ್ಮ ಚಾಳಿನಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಕೋಣೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಅದರ ಮೇಲೆ ನಳ. ನನ್ನ ಹನ್ನೆರಡನೆಯ ತರಗತಿಯ ಪರೀಕ್ಷೆ ನಡೆಯುತ್ತಿದ್ದ ಒಂದು ದಿನ, ಮಾವ ಎಂದಿನಂತೆ ನಸುಕಿನಲ್ಲೇ ಹೋಟೆಲಿಗೆ ಹೋಗಿದ್ದರು. ನಾನು ಒಂಬತ್ತಕ್ಕೆ ಬೀಗ ಹಾಕಿ ಹೊರಟೆ. ಹತ್ತಕ್ಕೆ ನೀರು ಬಂತು. ನಳ ತೆರೆದೇ ಇತ್ತು. ಮೋರಿಯ ತೂತಿಗೆ ಮಾವ ನೆನೆಹಾಕಿದ್ದ ಲುಂಗಿ ಅಡ್ಡ ಬಿದ್ದಿತ್ತು. ನೀರು ಹೊಸಿಲು ದಾಟಿ, ಗ್ಯಾಲರಿ ದಾಟಿ, ಮೆಟ್ಟಿಲಿಳಿದು, ಚಾಳಿನವರೆಲ್ಲ ಕಾಕು ಎನ್ನುತ್ತಿದ್ದ ಕೆಳಗಿನ ಮರಾಠಿ ಹೆಂಗಸಿನ ಕೋಣೆಗೆ ನುಗ್ಗಿತು. ಅಲ್ಲಿ ಮಗಳ ಮದುವೆಗೆಂದು ಚಾದರದ ಮೇಲೆ ಹರಡಿದ್ದ ಹಪ್ಪಳ ಸಂಡಿಗೆಗಳೆಲ್ಲ ತಿರುಗಿ ಹಿಟ್ಟಾದವು. ಮೇಲಿನ ಟ್ಯಾಂಕು ಬರಿದಾಗಿ ಇಡೀ ಚಾಳಿಗೆ ಆ ದಿನ ನೀರಿಲ್ಲ. ಪೇಪರ್ ಬರೆದು ಮಧ್ಯಾಹ್ನ ನಾನು ಬಂದಾಗ, ಸುದ್ದಿ ಕೇಳಿ ಹೋಟೆಲಿನಿಂದ ಓಡಿಬಂದಿದ್ದ ಮಾವ ಕಾಕುವಿನ ಕೋಣೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಸುತ್ತ ಹೆಂಗಸರು ನಿಂತು ಬೈಯುತ್ತಿದ್ದರು. “ನಾನೇ ನಳ ಬಿಟ್ಟು ಹೋದದ್ದು ಮಾರಾಯ. ನೀನು ಮೇಲೆ ಹೋಗಿ ಓದು,” ಅಂದರು. ಅಂದಿನಿಂದ ಚಾಳು ಬಿಡುವ ತನಕ ಅವರ ಹೆಸರು ‘ನಳವಾಲೆ ಅಣ್ಣಾ’.

ಕೂಟದಲ್ಲಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಮಾವ, ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು. ಡಾಕ್ಟರು ಕಣ್ಣು ಮುಟ್ಟಬೇಡಿ ಅಂದಿದ್ದಾರೆ ಎಂದು ಶಾಲಿನಿ ಗದರಿದಳು.

ಮಾವನನ್ನು ಸ್ಟೇಷನ್ನಿಗೆ ಬಿಟ್ಟು ರಿಕ್ಷಾದಲ್ಲಿ ಮನೆಗೆ ಹೊರಟೆವು. ಸಿಗ್ನಲ್ಲಿನ ಹತ್ತಿರ ಶಾಲಿನಿ, “ರೀ, ಒಂದು ವಿಷಯ,” ಅಂದಳು. “ನಳ ಬಿಟ್ಟು ಹೋದವರು ಮಾವ. ಮನೆ ಬಿಡುವಾಗ ಮೂರು ಮೂರು ಸಲ ನಳ ತಿರುವಿ ನೋಡುವವರು ನೀವು. ಇದು ಹೇಗೆ?”

ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ನನಗೂ ನಗು ಬರಲಿಲ್ಲ.

ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಇದೆ: ಲುಂಗಿ ಎತ್ತಿ ಕಟ್ಟಿದ ಮಾವ ನಳ ತಿರುವಿ, ನೀರಿಲ್ಲ ಎಂದು ಹಾಗೇ ಬಿಟ್ಟು ಚಪ್ಪಲಿ ಮೆಟ್ಟುವುದು. ಇಷ್ಟು ವರ್ಷ ಅದನ್ನೇ ನೆನಪು ಅಂದುಕೊಂಡಿದ್ದೆ. ಆದರೆ ಅವರು ಹೊರಡುತ್ತಿದ್ದ ಹೊತ್ತಿಗೆ ನಾನು ಮುಸುಕು ಹಾಕಿ ಮಲಗಿರುತ್ತಿದ್ದೆ. ನೋಡಿದ್ದು ಯಾವಾಗ? ಲುಂಗಿ ಮಾವನದು, ಅದು ಪ್ರಬಲ ಸಾಕ್ಷಿ ಎಂದು ನಾನು ಭಾಷಣ ಮಾಡುತ್ತಿದ್ದೆ. ಲುಂಗಿ ನೆನೆಹಾಕಿದವನೇ ನಳ ಬಿಟ್ಟವನು ಎಂದು ನನ್ನ ವಿದ್ಯಾರ್ಥಿ ಯಾರಾದರೂ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಮುಂದಿನ ಶನಿವಾರ ಕಳವಾಕ್ಕೆ ಹೋದೆ. ಚಾಳು ಹೋಗಿ ಅದೇ ಜಾಗದಲ್ಲಿ ಬಿಲ್ಡಿಂಗು ಎದ್ದಿದೆ. ಕಾಕು ಈಗ ಏಳನೆಯ ಮಹಡಿಯಲ್ಲಿದ್ದಾರೆ, ಎಂಬತ್ತು ದಾಟಿದೆ. ಬಾಗಿಲು ತೆರೆದವರು ಒಂದು ಕ್ಷಣ ನೋಡಿ, “ಅಗೋಬಾಯಿ! ನಳವಾಲೆ ಅಣ್ಣಾಚಾ ಭಾಚಾ!” ಅಂದರು. ಮರಾಠಿಯಲ್ಲಿ ಭಾಚಾ ಅಂದರೆ ಅಕ್ಕತಂಗಿಯರ ಮಗ ಮಾತ್ರ. ಅಣ್ಣತಮ್ಮಂದಿರ ಮಗನಿಗೆ ಬೇರೆ ಶಬ್ದ. ಈ ವಿಷಯದಲ್ಲಿ ಬಡತನ ಇರುವುದು ಇಂಗ್ಲಿಷಿಗೇ ಎಂದು ಚಪ್ಪಲಿ ಬಿಡುತ್ತಾ ಯೋಚಿಸಿದೆ. ಹೀಗೆ ಬೇರೇನೋ ಯೋಚಿಸುವುದು ಹೆದರಿದಾಗಿನ ನನ್ನ ಅಭ್ಯಾಸ.

ಸುತ್ತು ಬಳಸಿ ಕೇಳಿದೆ. ಕಾಕು ನೇರವಾಗಿ ಹೇಳಿದರು.

“ನಿನ್ನ ಪೇಪರ್ ಇತ್ತಲ್ಲ, ದಹಿ ಸಾಖರ್ ತಿನ್ನಿಸಲು ನಾನೇ ಮೇಲೆ ಬಂದಿದ್ದೆ.” ಪರೀಕ್ಷೆಗೆ ಹೊರಟವರ ಬಾಯಿಗೆ ಮೊಸರು ಸಕ್ಕರೆ ಹಾಕಿ ಕಳಿಸುವುದು ಅವರ ಪದ್ಧತಿ. “ನಿನ್ನ ಕೈಯೆಲ್ಲ ಅಂಟಾಯಿತು. ತೊಳೆಯಲು ನೀನು ನಳ ತಿರುವಿದೆ. ನೀರೆಲ್ಲಿ ಬರಬೇಕು ಆ ಹೊತ್ತಿಗೆ? ನಾನೇ ಡ್ರಮ್ಮಿನಿಂದ ಚೆಂಬು ತುಂಬಿ ಕೈಮೇಲೆ ಸುರಿದೆ. ನೀನು ನಳ ಹಾಗೇ ಬಿಟ್ಟು ಓಡಿದೆ. ನಾನೂ ನೋಡಲಿಲ್ಲ. ನನ್ನದೇ ಮೊಸರು, ನನ್ನದೇ ಹಪ್ಪಳ!” ಕಾಕು ಸೆರಗಿನಲ್ಲಿ ಬಾಯಿ ಮುಚ್ಚಿ ನಗತೊಡಗಿದರು.

“ಮಾವನಿಗೆ ಇದು ಗೊತ್ತಿತ್ತಾ?”

“ಮೆಟ್ಟಿಲ ಮೇಲೇ ಹೇಳಿದೆ. ಅಣ್ಣಾ ಕೈಮುಗಿದ. ಕಾಕು, ಪೋರಾಚೇ ಪೇಪರ್ ಆಹೇತ್, ಹುಡುಗನ ಪರೀಕ್ಷೆ ನಡೆಯುತ್ತಿದೆ, ಮುಗಿದ ಮೇಲೆ ಹೇಳೋಣ, ಈಗ ನನ್ನನ್ನೇ ಬೈಯಿರಿ ಅಂದ. ಎಲ್ಲರೂ ಸೇರಿ ಚೆನ್ನಾಗಿ ಬೈದೆವು. ಆಮೇಲೆ ಮದುವೆ ಬಂತು. ಮದುವೆಯ ಬೆಳಿಗ್ಗೆ ಇನ್ನೂರು ಇಡ್ಲಿ ತಂದು ನಿಲ್ಲಿಸಿದ, ಪಾಪ. ಆ ಗದ್ದಲದಲ್ಲಿ ನಿನಗೆ ಹೇಳುವುದು ಉಳಿದೇಹೋಯಿತು.” ನನ್ನ ಮುಖ ನೋಡಿ, “ನಿನಗೆ ಗೊತ್ತಿರಲಿಲ್ಲವಾ? ಚಾಳಿಗೆಲ್ಲ ಗೊತ್ತಿತ್ತಲ್ಲ,” ಅಂದರು.

ಹೌದು, ಇದು ಒಂದೇ ಸಾಕ್ಷಿ. ಅದೇ ಮಾತಿನಲ್ಲಿ ಕಾಕು ಆ ದಿನ ಜೋರು ಮಳೆ ಬರುತ್ತಿತ್ತು ಅಂದರು. ಪರೀಕ್ಷೆ ಮಾರ್ಚಿನಲ್ಲಿ, ಮಳೆ ಎಲ್ಲಿಂದ? ಹೊರಡುವಾಗ ನನ್ನನ್ನು ಮಹೇಶ ಎಂದು ಕರೆದರು. ನನ್ನ ಹೆಸರು ಮಹೇಶ ಅಲ್ಲ. ಇಂಥ ಸಾಕ್ಷಿಯನ್ನು ನನ್ನ ಪ್ರೊಫೆಸರರು ಬಾಗಿಲಲ್ಲೇ ತಡೆಯುತ್ತಿದ್ದರು. ಆದರೆ ಲಿಫ್ಟಿನಲ್ಲಿ ಇಳಿಯುವಾಗ ನನ್ನ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತೆ ಅನ್ನಿಸಿತು. ಇದೂ ನೆನಪೋ, ಕೇಳಿದ ಮೇಲೆ ಹುಟ್ಟಿದ್ದೋ ತಿಳಿಯದು.

ಅಲ್ಲಿಂದ ನೇರ ಘಣಸೋಲಿಗೆ ಹೋದೆ. ಮಾವ ಬಾಲ್ಕನಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯತೊಡಗಿದೆ.

“ಕಳವಾಕ್ಕೆ ಹೋಗಿದ್ದೆ ಮಾವ. ಕಾಕು ಎಲ್ಲ ಹೇಳಿದರು.”

“ಹೌದಾ. ಹೇಗಿದ್ದಾರೆ? ಮೊಣಕಾಲು?”

“ನಳ ಬಿಟ್ಟದ್ದು ನಾನಂತೆ.”

“ಕಾಕುವಿಗೆ ಪ್ರಾಯ ಆಯಿತು ಮಾರಾಯ. ನಳ ಬಿಟ್ಟದ್ದು ನಾನೇ.”

“ಮಾವ, ನಾನು ಮದುವೆಯಲ್ಲಿ ಮೈಕ್ ಹಿಡಿದು ಹೇಳಿದೆ. ಮೊನ್ನೆ ಕೂಟದಲ್ಲೂ ಹೇಳಿದೆ. ನೀವು ಒಂದು ಮಾತು—”

“ನೀನು ಚಂದ ಹೇಳುತ್ತೀ. ಎಲ್ಲರೂ ನಗುತ್ತಾರೆ. ನನಗೂ ನಗು ಬರುತ್ತದೆ.” ಸಿಪ್ಪೆಯನ್ನು ಬೇರೆ ಮಾಡುತ್ತಾ ಹೇಳಿದರು, “ಹಳೆಯದೆಲ್ಲ ಯಾರಿಗೆ ನೆನಪಿರುತ್ತದೆ? ಆ ಕೋಣೆಯ ನಂಬರೂ ನನಗೆ ಮರೆತುಹೋಗಿದೆ. ನಿನ್ನದು ಇನ್ನೂ ಮೂರು ಪೇಪರ್ ಬಾಕಿ ಇತ್ತು, ಅಷ್ಟು ಗೊತ್ತುಂಟು.”

ಬುಟ್ಟಿ ತುಂಬುವ ತನಕ ಬಟಾಣಿ ಸುಲಿದೆವು. ಎದ್ದು ಕೈ ತೊಳೆಯಲು ಹೋದೆ. ಒಳಗಿನಿಂದ ನಳ ತಿರುಗಿಸುವ ಸದ್ದು ಮೂರು ಸಲ ಕೇಳಿಸಿರಬೇಕು. ಹೊರಗೆ ಮಾವ ಕೆಮ್ಮಿದರು, ಅಥವಾ ನಕ್ಕರು.

ಹೀಗಾಗಿ ನಳದ ವಿಷಯದಲ್ಲಿ ನನ್ನ ಬಳಿ ಇರುವುದು ಮಾರ್ಚಿನಲ್ಲಿ ಮಳೆ ಸುರಿಸುವ ಒಬ್ಬ ಸಾಕ್ಷಿ, ಮತ್ತು ಇವತ್ತಿಗೂ ತಪ್ಪೊಪ್ಪಿಗೆ ವಾಪಸು ತೆಗೆದುಕೊಳ್ಳದ ಒಬ್ಬ ಮಾವ. ಇದರ ಮೇಲೆ ಇತಿಹಾಸ ಬರೆಯಲಾಗುವುದಿಲ್ಲ. ಕತೆಯನ್ನು ಮಾತ್ರ ನಾನೀಗ ಎಲ್ಲಿಯೂ ಹೇಳುತ್ತಿಲ್ಲ. ಇಲ್ಲಿ ಬರೆದದ್ದು ಬಿಟ್ಟು.

ಎರಡು ವಾರ ಬಿಟ್ಟು ಸುಮತಿ ಟೀಚರ್ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಅವರ ತಂಗಿಯ ಮಗಳು ಅಲ್ಲಿನ ಲೈಬ್ರರಿಗೆ ಹೋಗಿ ಮೂಲ ಕಾದಂಬರಿ ತೆಗೆಸಿ, ತಪ್ಪೊಪ್ಪಿಗೆಯ ಪುಟದ ಚಿತ್ರ ತೆಗೆದಿದ್ದಳು. ಟೀಚರ್ ಆ ಫೋಟೋದಲ್ಲೂ ಒಂದು ಶಬ್ದಕ್ಕೆ ಕೆಂಪು ಗೆರೆ ಎಳೆದಿದ್ದರು. ಇಂಗ್ಲಿಷಿನಲ್ಲಿ ಅಂಕಲ್ ಆದ ಜಾಗದಲ್ಲಿ ಇದ್ದದ್ದು ‘ಮೂರ್‌ಬ್ರೂರ್’. ತಂದೆಯ ಅಣ್ಣತಮ್ಮಂದಿರಿಗೆ ಸ್ವೀಡಿಷಿನಲ್ಲಿ ಬೇರೆ ಶಬ್ದ, ‘ಫಾರ್‌ಬ್ರೂರ್’. ಒಂದರ ಬದಲು ಇನ್ನೊಂದು ಬಾಯಿ ತಪ್ಪಿ ಬರುವಂತಿಲ್ಲ. ಟೀಚರ್ ಹೇಳಿದ್ದಾರೆ, ಅವರ ತಂಗಿಯ ಮಗಳು ಹೇಳಿದ್ದಾಳೆ ಎಂದು ನಾನು ನಂಬಿ ಕೂರಲಿಲ್ಲ. ಒಂದಲ್ಲ, ಎರಡು ನಿಘಂಟು ತೆಗೆದು ನೋಡಿದೆ. ಎರಡರಲ್ಲೂ ಒಂದೇ ಅರ್ಥ ಇದೆ. ಮೂರ್ ಅಂದರೆ ತಾಯಿ, ಬ್ರೂರ್ ಅಂದರೆ ಒಡಹುಟ್ಟಿದವನು. ಕೊಂದದ್ದು ನಾನು ಎಂದು ಬಂದು ಕೂತವನು ಸೋದರಮಾವ.